ಹತ್ತಕ್ಕೆ ಒಂಬತ್ತು

ಮಾರ್ಚ್ 11, ಮಂಗಳವಾರ

ಎರಡು ಇಯರ್‌ಫೋನ್‌ಗಳ ವಿಮರ್ಶೆ ನಾಳೆಯೇ ಕೊಡಬೇಕು, ಒಂದು ಸಾಲೂ ಆಗಿಲ್ಲ. ಕರಿಯದರಲ್ಲಿ ಬೇಸ್ ಜಾಸ್ತಿ, ದನಿ ಹಿಂದೆಲ್ಲೋ ಉಳಿಯುತ್ತದೆ. ಬೆಳ್ಳಿ ಬಣ್ಣದ್ದರಲ್ಲಿ ದನಿ ಪಕ್ಕದಲ್ಲೇ ಬಂದು ಕೂತ ಹಾಗೆ.

ಯಾವಾಗಲೂ ನಮ್ಮವಳ ಹಾಡು ಹಾಕಿಯೇ ನನ್ನ ಪರೀಕ್ಷೆ. ನಮ್ಮವಳು ಅನ್ನುವಂತಿಲ್ಲ ಈಗ, ಬಿಟ್ಟುಹೋಗಿ ಎಂಟು ತಿಂಗಳಾಯಿತು. ಏಳು ವರ್ಷದ ಹಿಂದೆ ಅಡುಗೆಮನೆಯಲ್ಲಿ ಆ ಹಾಡು ರೆಕಾರ್ಡ್ ಮಾಡುವಾಗ, "ಇನ್ನೊಂದ್ಸಲ ಹಾಡು, ಮೈಕ್ ದೂರ ಇತ್ತು" ಅಂದಿದ್ದೆ. "ಸಾಕು ಬಿಡಿ, ಇವತ್ತು ನನ್ನ ಕೈಲಿ ಆಗಲ್ಲ" ಅಂದಳು. ಆದರೂ ಹಾಡಿದಳು.

ಇವತ್ತು ಬೆಳ್ಳಿಯದರಲ್ಲಿ, ಹಾಡು ಶುರುವಾಗುವ ಮೊದಲು ಅವಳು ಬಿಕ್ಕಿದ್ದು ಕಿವಿಗೆ ಬಿತ್ತು. ಇದನ್ನು ಮುಂಚೆ ಕೇಳಿದ್ದೆನಾ ಅಂತ ವಿಮರ್ಶೆಯ ಹಳೇ ನೋಟ್‌ಬುಕ್ ತೆಗೆದೆ. ಆರು ವರ್ಷದ ಹಿಂದೆ, ಬೇರೊಂದು ಇಯರ್‌ಫೋನ್ ಬಗ್ಗೆ ನನ್ನದೇ ಅಕ್ಷರ: "ಹಾಡುವ ಮುಂಚೆ ಬಿಕ್ಕಿದ್ದೂ ಸ್ಪಷ್ಟ. ಹತ್ತಕ್ಕೆ ಒಂಬತ್ತು."

ಅವಳು ಯಾಕೆ ಅತ್ತಳು ಅನ್ನುವುದು ಮಾತ್ರ ನನಗೆ ಇವತ್ತಿಗೂ ಗೊತ್ತಿಲ್ಲ.