ಪರಂಗಿ ಗಿಡದ ಮೇಲಿನ ಸೀರೆ

೯-೧-೧೯೭೯, ಮಂಗಳವಾರ. ಅಜ್ಜಂಪುರ.

ಬೆಳಿಗ್ಗೆಯಿಂದ ಅದೇ ಯೋಚನೆ. ಮಲ್ಲಿಕಾಂಬ ತನ್ನ ಸೀರೆಯನ್ನು ನನ್ನ ಪರಂಗಿ ಗಿಡಕ್ಕೆ ಯಾಕೆ ಹೊದಿಸಿದಳು?

ಹಿತ್ತಲಿನ ಹುಲ್ಲಿನ ಮೇಲೆ ಇಬ್ಬನಿ ಉಪ್ಪು ಚೆಲ್ಲಿದ ಹಾಗೆ ಹೆಪ್ಪುಗಟ್ಟಿತ್ತು. ಇಂಥ ಚಳಿ ಈ ಊರಿಗೆ ಅಪರೂಪ. ಬಾಳೆ ಎಲೆಗಳೆಲ್ಲ ಸುಟ್ಟಂತೆ ಕಪ್ಪಾಗಿದ್ದವು. ಮೋಟು ಗೋಡೆ ಪಕ್ಕದ ಪರಂಗಿ ಮಾತ್ರ ಅವಳ ಹಳೇ ಹಸಿರು ಸೀರೆ ಹೊದ್ದು ಹಾಯಾಗಿ ನಿಂತಿತ್ತು. ಹಿಸ್ಸೆಯಾದ ಮೇಲೆ ಈ ನನ್ನ ವಾರಗಿತ್ತಿ ನನಗೆ ಒಂದು ಲೋಟ ನೀರು ಕೊಟ್ಟವಳಲ್ಲ. ಗೋಡೆಯಾಚೆ ಅವಳ ಸ್ವಂತ ಪರಂಗಿ ಗಿಡ ಸುಟ್ಟು ಜೋತುಬಿದ್ದಿತ್ತು.

ಗೋಡೆ ಬಳಿ ನಿಂತು ಕೇಳಿಯೇ ಬಿಟ್ಟೆ. "ನಿನ್ ಗಿಡ ಬಿಟ್ಟು ನನ್ನದಕ್ಕೆ ಯಾಕೆ ಹೊದಿಸ್ದೆ?"

"ನಂದು ಗಂಡುಗಿಡ ಕಣಕ್ಕ, ಹೋದ್ರೆ ಹೋಯ್ತು. ನಿಮ್ದು ಕಾಯಿ ಬಿಟ್ಟೈತೆ, ಸಾಯ್ಬಾರ್ದಲ್ಲ," ಎಂದು ನಕ್ಕಳು.

ನಗುವಂಥದ್ದೇನಿತ್ತು? ನನ್ನ ಗಿಡ ಕಾಯಿ ಬಿಟ್ಟದ್ದನ್ನು ಇಷ್ಟು ದಿನ ನಿಗಾ ಇಟ್ಟು ನೋಡಿದ್ದಾಳೆ. ಗಿಡ ವಾಲಿರುವುದೂ ಅವಳ ಕಡೆಗೇ. ಹಣ್ಣಾದ ದಿನ, ನಾನು ಉಳಿಸಿದ ಗಿಡ ಎಂದು ಕೈಚಾಚುತ್ತಾಳೆ. ಬೀದಿಯವರೂ ಅವಳ ಪರವಾಗಿಯೇ ಮಾತಾಡುತ್ತಾರೆ.

ಸಂಜೆ ವಾಪಸು ಕೊಡಬೇಕೆಂದು ಸೀರೆ ತೆಗೆದು ಮಡಿಸಿದೆ. ಅಷ್ಟರಲ್ಲಿ ಗಾಳಿ ನಿಂತು ಮತ್ತೆ ಅದೇ ಚಳಿ ಇಳಿಯತೊಡಗಿತು. ಬಿಚ್ಚಿ ತಿರುಗಿ ಹೊದಿಸಿದೆ. ಅದರ ಮೇಲೆ ನನ್ನದೂ ಒಂದು ಸೀರೆ ಹಾಕಿದೆ, ಹಳೆಯದಲ್ಲ, ಒಳ್ಳೆಯದೇ. ಗಿಡ ಉಳಿದರೆ ಅವಳ ಸೀರೆಯೊಂದರಿಂದಲೇ ಉಳಿಯಿತೆಂದು ಯಾರೂ ಹೇಳುವಂತಿಲ್ಲ.

ಬೆರಳು ಸೆಟೆದುಕೊಂಡಿವೆ, ಬರೆಯಲಾಗುತ್ತಿಲ್ಲ. ನಾಳೆ ಅವಳಿಗಿಂತ ಮೊದಲು ಏಳಬೇಕು.