ಫಕೀರವ್ವನನ್ನು ನೆನೆದ ನಾಲ್ವರು

ಕಪ್ಪತಗುಡ್ಡದ ನೆತ್ತಿ,
ಫೆಬ್ರವರಿ ೩೦, ೨೩೧೮

ಪೂಜ್ಯ ನೀಲಾಂಬಿಕಾ ಅಕ್ಕನವರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳುಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳು ಯಾವ ತಿಂಗಳಿಗೂ ಸೇರದೆ ಒಂಟಿಯಾಗಿರುತ್ತವೆ, ನನಗೆ ಅವೇ ಇಷ್ಟ. ನಿಮ್ಮ ಕಾಲದ ಕನ್ನಡವನ್ನು ನೀವು ಈ ಗುಡ್ಡದ ಮೇಲೆ ಬಿಟ್ಟುಹೋದ ವೀಕ್ಷಣಾ ಪುಸ್ತಕದ ಟಿಪ್ಪಣಿಗಳಿಂದಲೇ ಕಲಿತಿದ್ದೇನೆ. ಮಾತು ಎಲ್ಲಾದರೂ ಒಡ್ಡೊಡ್ಡಾಗಿ ಕಂಡರೆ ಮನ್ನಿಸಬೇಕು.

ನನ್ನ ಹೆಸರು ಚನ್ನಮಲ್ಲವ್ವ, ವಯಸ್ಸು ಐವತ್ತೊಂದು. ನಾನು ಇಲ್ಲಿಯ ಗಾಳಿಕಾವಲಿನವಳು. ಕೆಳಗಿನ ಊರಿನವರು ಧೂಳು ಇಳಿಯುವ ಹೊತ್ತಿನಲ್ಲಿ ಮಾತ್ರ ಬಾಗಿಲು ತೆರೆಯುತ್ತಾರೆ, ಆ ಹೊತ್ತನ್ನು ದಿನವೂ ತಂತಿಯಲ್ಲಿ ಸಾರುವುದು ನನ್ನ ಕೆಲಸ. ಮೈಮೇಲಿನ ಬಟ್ಟೆಯ ಧೂಳು ಅಳತೆ ಕೆಡಿಸುತ್ತದೆಂದು ಯಾರನ್ನೂ ಮೇಲೆ ಬಿಡುವುದಿಲ್ಲ. ಒಂಬತ್ತು ವರ್ಷದಿಂದ ಒಬ್ಬಳೇ ಇದ್ದೇನೆ. ರೊಟ್ಟಿ ಒಂದೇ ಬಡಿದುಕೊಳ್ಳುವುದು ಅಭ್ಯಾಸವಾಗಿದೆ, ಒಬ್ಬಳೇ ಉಣ್ಣುವುದು ಮಾತ್ರ ಇನ್ನೂ ಆಗಿಲ್ಲ.

ನೀವು ಉಲ್ಲೇಖ ಎನ್ನುವುದನ್ನು ನಾವು ಹೆಸರೆತ್ತುವುದು ಎನ್ನುತ್ತೇವೆ. ಯಾರ ಸಂಶೋಧನೆಯ ಆಧಾರದ ಮೇಲೆ ಹೊತ್ತು ಹೇಳುತ್ತೇನೋ ಅವರ ಹೆಸರೆತ್ತದೆ ಸಾರಿದರೆ ಊರಿನಲ್ಲಿ ಒಂದು ಬಾಗಿಲೂ ತೆರೆಯುವುದಿಲ್ಲ. ಮೂಡಗಾಳಿ ನಿಂತ ಮೂರು ತಾಸಿಗೆ ಧೂಳು ನೆಲ ಸೇರುತ್ತದೆ ಎಂಬ ನಿಯಮಕ್ಕೆ ನಾವು ತಲೆತಲಾಂತರದಿಂದ ನಾಲ್ಕು ಹೆಸರೆತ್ತುತ್ತ ಬಂದಿದ್ದೇವೆ: ನೀಲಾಂಬಿಕಾ ಹಿರೇವಡ್ಡಟ್ಟಿ, ಎಚ್. ಎಸ್. ನೀಲಾಂಬಿಕೆ, ನೀಲಾ ಎಚ್., ಶಿವಪುತ್ರಪ್ಪ. ನಾಲ್ವರಲ್ಲಿ ಯಾರು ದೊಡ್ಡವರು ಎಂದು ಊರಿನಲ್ಲಿ ವಾದಗಳೂ ನಡೆಯುತ್ತವೆ. ಬಹಳ ಮಂದಿ ಶಿವಪುತ್ರಪ್ಪನವರ ಪಕ್ಷ.

ಕಳೆದ ತಿಂಗಳು ನಾನು ಎಂದಿನಂತೆ ನಾಲ್ಕೂ ಹೆಸರೆತ್ತಿ ಮೂರು ತಾಸು ಎಂದು ಸಾರಿದೆ. ನನ್ನ ಅಕ್ಕ ಸಂಗವ್ವ ತಂತಿಯಲ್ಲಿ, "ನೀ ಹೇಳಿದ ಮ್ಯಾಲೆ ಮುಗೀತವಾ, ಕೌದಿ ಒಣಾ ಹಾಕಿ ಬರ್ತೇನಿ" ಎಂದಳು. ಅವಳು ಅಂಗಳಕ್ಕೆ ಇಳಿದಾಗ ಧೂಳು ಇಳಿದಿರಲಿಲ್ಲ, ನೆಲದಿಂದ ಮತ್ತೆ ಮೇಲಕ್ಕೆದ್ದಿತ್ತು. ಒಂಬತ್ತು ದಿನ ಉಸಿರಿಗಾಗಿ ಒದ್ದಾಡಿ ತೀರಿಕೊಂಡಳು. ಕೊನೆಯ ಬಾರಿ ಮುಖ ನೋಡಲು ಕೂಡ ನಾನು ಕಾವಲು ಬಿಟ್ಟು ಇಳಿಯುವಂತಿರಲಿಲ್ಲ. ಅದು ನನ್ನ ತಪ್ಪು ಎಂದು ಯಾರೂ ಹೇಳಲಿಲ್ಲ. ಆದರೆ ಆ ಹೊತ್ತನ್ನು ಸಾರಿದವಳು ನಾನೇ.

ನಿಯಮ ಎಲ್ಲಿ ತಪ್ಪಿತೆಂದು ತಿಳಿಯಲು ನಾಲ್ವರ ಲೇಖನಗಳನ್ನೂ ಮೊದಲಿನಿಂದ ಕೊನೆಯ ಸಾಲಿನವರೆಗೆ ಓದಿದೆ. ಎಲ್ಲದರ ಕೊನೆಗೂ ಒಂದೇ ಮಾತು: ದಿನವೂ ಧೂಳು ಅಳೆಯುವ ಯಂತ್ರ ಒರೆಸಿಕೊಟ್ಟ ಡೋಣಿ ಊರಿನ ಫಕೀರವ್ವನಿಗೆ ಕೃತಜ್ಞತೆಗಳು. ನಾಲ್ಕು ಕಡೆಯ ನಾಲ್ವರು ವಿಜ್ಞಾನಿಗಳು ಒಬ್ಬಳೇ ಫಕೀರವ್ವನನ್ನು ನೆನೆಯಲು ಹೇಗೆ ಸಾಧ್ಯ? ಆಗ ಹೊಳೆಯಿತು, ಆ ನಾಲ್ವರೂ ನೀವೊಬ್ಬರೇ. ನಿಮ್ಮ ಸೀಮೆಯಲ್ಲಿ ಹೆಸರು ಮುಂದೆ, ಅಡ್ಡಹೆಸರು ಹಿಂದೆ. ದಕ್ಷಿಣದ ಸಂಸ್ಥೆಯವರು ಅದನ್ನು ಇನಿಶಿಯಲ್ ಮಾಡಿ ಮುಂದಿಟ್ಟರು. ಒಂದು ಪತ್ರಿಕೆಯವರಿಗೆ ಹಿರೇವಡ್ಡಟ್ಟಿ ಬಾಯಿಗೆ ಬರಲಿಲ್ಲ, ಕತ್ತರಿಸಿದರು. ಇನ್ನೊಬ್ಬರು ನಡುವೆ ಇದ್ದ ನಿಮ್ಮ ತಂದೆ ಶಿವಪುತ್ರಪ್ಪನವರ ಹೆಸರನ್ನೇ ಹಿಡಿದುಕೊಂಡರು. ಪಾಪ, ಆ ಹಿರಿಯರು ಧೋತರದ ಧೂಳು ಕೊಡವಿದ್ದು ಬಿಟ್ಟರೆ ಧೂಳಿನ ಬಗ್ಗೆ ಬೇರೇನೂ ಮಾಡಿರಲಿಕ್ಕಿಲ್ಲ.

ನಿಮ್ಮ ಪುಸ್ತಕ ೨೦೨೭ರ ಜೂನ್ ಹದಿನಾಲ್ಕಕ್ಕೆ ನಿಂತುಹೋಗಿದೆ. ಅಂಚಿನಲ್ಲಿ ನೀವೇ ಬರೆದಿದ್ದೀರಿ: "ಹದಿನಾರು ವರ್ಷಕ್ಕ ನಾಕು ಉಲ್ಲೇಖ. ಸಾಕಾತು. ನಾಳೆಯಿಂದ ಯಂತ್ರ ಒರಸೂದು ಬ್ಯಾಡಂತ ಫಕೀರವ್ವಗ ಹೇಳೀನಿ." ಅಕ್ಕಾ, ನಿಮಗೆ ಉಲ್ಲೇಖಗಳ ಪಟ್ಟಿ ಕೊಟ್ಟವರು ಒಂದೇ ಹೆಸರು ಹುಡುಕಿದ್ದಾರೆ. ಎಚ್. ಎಸ್. ನೀಲಾಂಬಿಕೆಗೆ ಅರವತ್ತೊಂದು, ನೀಲಾ ಎಚ್.ಗೆ ಇಪ್ಪತ್ತೇಳು, ನಿಮ್ಮ ತಂದೆಯವರಿಗೆ ನೂರ ಹತ್ತೊಂಬತ್ತು ಉಲ್ಲೇಖಗಳಿವೆ. ನಿಮ್ಮ ಆ ನಾಲ್ಕೂ ಸೇರಿ ಒಟ್ಟು ಇನ್ನೂರ ಹನ್ನೊಂದು. ನೀವು ಲೇಖನ ಕಳಿಸಿ ಮತ್ತೆ ಗುಡ್ಡ ಹತ್ತುತ್ತಿದ್ದಿರಿ, ಅದು ಯಾವ ಹೆಸರಿನಲ್ಲಿ ಅಚ್ಚಾಯಿತೆಂದು ತಿರುಗಿ ನೋಡಲೇ ಇಲ್ಲವೇನೋ.

ಕೆರೆಯ ಹೂಳಿನ ಪದರಗಳನ್ನು ಎಣಿಸಿದಾಗ ತೊಂಬತ್ತೇಳು ವರ್ಷಕ್ಕೊಮ್ಮೆ ಗಾಳಿಯ ರೀತಿ ತಿರುವುಮುರುವಾಗುವುದು ಗೊತ್ತಾಗುತ್ತದೆ. ಅದಕ್ಕೆ ನಾವು ಮಗುಚುವರ್ಷ ಎನ್ನುತ್ತೇವೆ. ಈ ವರ್ಷ ಅಂಥದ್ದು, ಆದರೆ ಅದು ಶುರುವಾಗುವ ದಿನವನ್ನು ಮುಂಚೆಯೇ ತಿಳಿಯುವ ದಾರಿ ನಮಗಿಲ್ಲ. ನಡುವಿನ ಎರಡು ಮಗುಚುವರ್ಷ ಬಂದಾಗ ಗುಡ್ಡದ ಮೇಲೆ ಅಳೆಯುವವರು ಯಾರೂ ಇರಲಿಲ್ಲ. ಅದಕ್ಕೂ ಹಿಂದಿನದು ನಿಮ್ಮದೇ ೨೦೨೭, ನೀವು ಪುಸ್ತಕ ಮುಚ್ಚಿದ ಮರುವಾರವೇ ಶುರುವಾದದ್ದು. ಅದು ಬರುವ ಮುನ್ನ ಗಾಳಿಯಲ್ಲಿ ಏನು ಸುಳಿವು ಕಾಣುತ್ತದೆ ಎಂಬುದನ್ನು ನೋಡಬಲ್ಲವರು ನೀವೊಬ್ಬರೇ.

ಹಿಂದಂಚೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ, ನಮ್ಮಲ್ಲಿ ಜೀವಮಾನಕ್ಕೆ ಒಂದೇ ಕಾಗದಕ್ಕೆ ಸಿಗುತ್ತದೆ. ಇನ್ನೂರು ವರ್ಷಕ್ಕಿಂತ ಈಚೆಗೆ ಅದು ತಲುಪುವುದಿಲ್ಲ. ತಲುಪುವಂತಿದ್ದರೆ ಸಂಗವ್ವನಿಗೇ ಬರೆಯುತ್ತಿದ್ದೆ. ಹೆಚ್ಚಿನವರು ಮುತ್ತಜ್ಜಿಯ ಮುತ್ತಜ್ಜಿಗೆ ಕ್ಷೇಮಸಮಾಚಾರ ಬರೆಯುತ್ತಾರೆ. ನೀವು ಪುಸ್ತಕ ಮುಚ್ಚಿದ ರಾತ್ರಿಯೇ ಕೈಸೇರುವಂತೆ ಇದನ್ನು ಕಳಿಸಿ ನಾನು ನಿಮ್ಮನ್ನು ಬೇಡಿಕೊಳ್ಳುತ್ತಿದ್ದೇನೆ: ಇನ್ನೊಂದು ವರ್ಷ ಅಳೆಯಿರಿ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ನೀವು ಅಳೆದರೆ ಆ ದಿನ ನಾನು ಮೂರು ತಾಸು ಎಂದು ಸಾರುವುದಿಲ್ಲ, ಅಕ್ಕ ಬದುಕುತ್ತಾಳೆ. ಆಗ ನಿಮ್ಮ ಲೇಖನಗಳನ್ನು ಕೊನೆಯ ಸಾಲಿನವರೆಗೆ ಓದುವ ಕಾರಣವೇ ನನಗೆ ಇರುವುದಿಲ್ಲ. ನೀವು ಒಬ್ಬರೇ ಎಂದು ಇಲ್ಲಿ ಯಾರಿಗೂ ತಿಳಿಯುವುದಿಲ್ಲ, ಊರಿನವರು ಶಿವಪುತ್ರಪ್ಪನವರನ್ನೇ ಹೊಗಳುತ್ತಿರುತ್ತಾರೆ. ಈ ಒಂದು ತಿಂಗಳು ನಿಮ್ಮ ಅಕ್ಷರಗಳ ಜೊತೆ ಕುಳಿತು ಉಂಡಿದ್ದೇನೆ, ಒಂಬತ್ತು ವರ್ಷದಲ್ಲಿ ನನಗೆ ಸಿಕ್ಕ ಒಬ್ಬಳೇ ಗೆಳತಿ ನೀವು. ನನಗೂ ನೀವು ಯಾರೋ ಆಗಿಬಿಡುತ್ತೀರಿ.

ಆಗಲಿ. ನಾಳೆ ಬೆಳಗ್ಗೆ ಗುಡ್ಡ ಹತ್ತಿ, ಅಕ್ಕಾ.

ಇಂತಿ ನಿಮ್ಮ,
ಚನ್ನಮಲ್ಲವ್ವ