ಬಾಗಿಲ ಹೊರಗೆ ಆದ ಮಾತು

ಕನ್ನೊಳ್ಳಿ
೬ ನವೆಂಬರ್ ೨೦೨೫, ಗುರುವಾರ

ಗೆಳತಿ ರಾಜಶ್ರೀಗೆ,

ಯಶೋಧಾ ಮಾಡುವ ಶರಣು. ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ಬರೆಯಲು ಕೂತಾಗಲೆಲ್ಲ ಕೈ ನಿಂತಿತು, ಬೇಸರ ಮಾಡಿಕೊಳ್ಳಬೇಡ. ಫೋನು ಮಾಡೋಣವೆಂದರೆ ಎತ್ತುವವನು ನಿನ್ನ ಮಗ. ಎದೆಯ ಗಂಟಿನ ಮಾತು ಅವನ ಹತ್ತಿರ ಹೇಗೆ ಆಡಲಿ? ನಾಳೆ ನನ್ನ ತಮ್ಮ ಧರೆಪ್ಪ ಝಳಕಿಗೆ ಬರುತ್ತಾನೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

"ಗಂಟಷ್ಟ ತಗದು ರೇಡಿಯೇಶನ್ ಕರೆಂಟ್ ಇಡೂದೂ ಐತಂತ, ಪೂರ್ತಿ ಎದಿ ತಗಿಯೂದೂ ಐತಂತ. ನವೆಂಬರ್ ಹತ್ತಕ್ಕ, ಸೋಮವಾರ, ಡಾಕ್ಟರ್ ಕೇಳ್ತಾರ. ನನಗೇನ್ ತಿಳಿತೈತಿ, ಮನಿ ಗಂಡಸ್ರು ಅಂದದ್ದಕ್ಕ ಹೂಂ ಅಂತೇನಿ" ಎಂದು ಬರೆದಿದ್ದೀ. ನನ್ನದು ಹೇಗಾಯಿತೆಂದು ಕೇಳಿದ್ದೀ.

ಮೊದಲು ನನ್ನ ದಡ್ಡತನ ಹೇಳುತ್ತೇನೆ. ಎಡಗಡೆ ಕಡಲೆಯಷ್ಟು ಗಂಟು ಕೈಗೆ ಹತ್ತಿತು. ನೋವಿಲ್ಲ, ಏನಿಲ್ಲ. ಕೊರಳಲ್ಲಿಯ ಇಷ್ಟಲಿಂಗದ ಬೆಳ್ಳಿ ಕರಡಿಗೆ ತಿಕ್ಕಿ ಹಾಗಾಗಿದೆ ಎಂದುಕೊಂಡು ಶಿವದಾರ ಗಿಡ್ಡ ಮಾಡಿದೆ. ಆಮೇಲೆ ಕರಡಿಗೆಯನ್ನೇ ಬಲಕ್ಕೆ ಸರಿಸಿದೆ. ಎಂಟು ತಿಂಗಳು ಪೂಜೆಗೆ ಕೂತಾಗ, ಶಿವನೇ, ನಿನ್ನಿಂದಲೇ ಆದದ್ದು, ನೀನೇ ಕರಗಿಸು ಎಂದು ಬೇಡಿದೆ. ಗಂಟು ಅಡಿಕೆಯಷ್ಟಾಯಿತು. ಊರಿನ ಆಶಾ ಕಾರ್ಯಕರ್ತೆ ಸುನೀತಾ ಮನೆಗೆ ಬಂದವಳು ಬೈದಳು: "ಲಿಂಗದ ಮ್ಯಾಲ ಯಾಕ್ ಹಾಕ್ತೀರಿ ಅಕ್ಕಾರ? ನೋವಿಲ್ಲದ ಗಂಟನ್ನ ಮೊದ್ಲ ತೋರಿಸ್ಬೇಕು. ನಡೀರಿ."

ಹೋದ ವರ್ಷ ಫೆಬ್ರವರಿಯಲ್ಲಿ ಆಪರೇಶನ್ ಆಯಿತು. ಮೈಮೇಲಿನದೆಲ್ಲ ಬಿಚ್ಚಿಡಬೇಕೆಂದರು. ತಾಳಿ ಬಿಚ್ಚಿದೆ. ಲಿಂಗ ಬಿಚ್ಚಲು ಕೈ ಏಳಲಿಲ್ಲ, ಅಳು ಬಂತು. ಮೆಹರಾಜ ಎಂಬ ನರ್ಸಮ್ಮ, "ಅಳಬ್ಯಾಡ್ರಿ ಅವ್ವಾರ, ನಿಮ್ಮ ದೇವ್ರನ್ನ ಹೊರಗ ನಿಲ್ಲಸೂದಿಲ್ಲ" ಎಂದು ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಬಲ ಮುಷ್ಟಿಯಲ್ಲಿಟ್ಟು ಪಟ್ಟಿ ಕಟ್ಟಿದಳು. ಎಚ್ಚರವಾದಾಗ ಮುಷ್ಟಿ ಹಾಗೆಯೇ ಇತ್ತು. ಎಡಗಡೆ ಬಯಲಾಗಿತ್ತು. ಶಿವನ ಮನಸ್ಸು ಹಾಗಿತ್ತೆಂದು ತಿಳಿದೆ.

ಆಮೇಲೆ ಆರು ಸಲ ಸಲಾಯಿನ್‌ನಲ್ಲಿ ಔಷಧ ಕೊಟ್ಟರು. ತಲೆ ಬೋಳಾಯಿತು. ಇವರು, "ನನ್ನ ತಲಿಗಿಂತ ನಿಂದ ಚೊಲೊ ಹೊಳಿತೈತಿ" ಎಂದು ನಗಿಸಿದರು. ಈಗ ಕೂದಲು ಕಿವಿ ಮುಚ್ಚುವಷ್ಟು ಬಂದಿದೆ, ಅದಕ್ಕೆ ನೀನು ಹೆದರಬೇಡ. ಆದರೆ ಮೊಮ್ಮಗಳು ಕೋಮಲ ಎಡಗಡೆ ತಲೆಯಿಟ್ಟು, "ಎಲುಬು ಚುಚ್ಚತೈತಿ ಆಯಿ" ಎಂದು ಬಲಕ್ಕೆ ಹೊರಳುತ್ತಾಳೆ. ಅವಳಪ್ಪನನ್ನು ನಾನು ಎಡಗಡೆಯೇ ಹಾಕಿಕೊಂಡು ಮಲಗಿಸುತ್ತಿದ್ದೆ. ಆ ಭಾರ ಈಗಲೂ ಬೇಕೆನಿಸುತ್ತದೆ.

ಆಗೆಲ್ಲ ನಿನ್ನನ್ನು ಬಹಳ ನೆನೆಸಿದೆ. ಸಾಲಿಯಲ್ಲಿ ಒಂದೇ ಪಾಟಿಯ ಮೇಲೆ ಇಬ್ಬರೂ ಬರೆದವರು. ಬಾಗಿಲು ಸಪ್ಪಳವಾದರೆ ನೀನೇ ಬಂದೆಯೆಂದು ಏಳುತ್ತಿದ್ದೆ. ನೀನು ಬರಲಿಲ್ಲ. ಹೋಗಲಿ, ಈಗ ನಾನೇ ಬರುತ್ತೇನೆ. ಆಪರೇಶನ್ ದಿನ ಗೊತ್ತಾದ ಕೂಡಲೇ ತಿಳಿಸು, ನಿನ್ನ ಹಾಸಿಗೆಯ ಪಕ್ಕ ಕೂಡುವವಳು ನಾನು.

ಶಿವನು ನಿನ್ನ ಆಯುಷ್ಯ ಗಟ್ಟಿ ಮಾಡಲಿ, ನಿನ್ನ ಉಡಿ ತುಂಬಿರಲಿ.

ನಿನ್ನ
ಯಶೋಧಾ

ತಾ.ಕ.: ಕಾಗದ ಮಡಚಿದವಳು ಮತ್ತೆ ಬಿಚ್ಚಿದೆ. ತಡವಾದ ಕಾರಣ ಬೇರೆ ಇದೆ. ಎರಡು ದಾರಿ ಇರುತ್ತವೆಂದು ನನಗೆ ಗೊತ್ತಾದದ್ದೇ ನಿನ್ನ ಕಾಗದದಿಂದ. ಅಂದೇ ಟ್ರಂಕಿನಿಂದ ನನ್ನ ಫೈಲು ತೆಗೆದೆ. ಕನ್ನಡದಲ್ಲೇ ಅಚ್ಚಾಗಿತ್ತು, ಎರಡೂ ಚಿಕಿತ್ಸೆಗಳನ್ನು ರೋಗಿಗೆ ತಿಳಿಸಲಾಗಿದೆ ಅಂತ. ಕೆಳಗೆ ನನ್ನದೇ ಸಹಿ. ಏಳನೆಯ ಇಯತ್ತೆ ಪಾಸಾದವಳು ಓದದೆ ಹಾಕಿದ ಸಹಿ. ಇವರನ್ನು ಕೇಳಿದೆ. "ಡಾಕ್ಟರ್ ಬಾಗಲ ಹೊರಗ ನನಗ ಹೇಳಿದ್ರು. ಕರೆಂಟಿಗೆ ಐದ್ ವಾರ ದಿನಾ ಹೋಗಿ ಬರೂದು, ಜ್ವಾಳದ ರಾಶಿ ಬ್ಯಾರೆ ಬಂದಿತ್ತು. ನೀ ಹೆದರ್ತಿ ಅಂತ ನಾನ ಹೇಳಿಬಿಟ್ಟೆ, ಪೂರ್ತಿ ತಗೀರಿ ಅಂತ" ಎಂದರು. ನಾನು ಜಗಳವಾಡಲಿಲ್ಲ. ಜೀವ ಉಳಿದಿದೆ, ಅವರು ಕೆಟ್ಟವರಲ್ಲ. ಕೇಳಿದ್ದರೆ ನಾನೂ ಪೂರ್ತಿ ತೆಗೆಸಿರಿ ಅನ್ನುತ್ತಿದ್ದೆನೋ ಏನೋ. ಏನನ್ನುತ್ತಿದ್ದೆ ಎನ್ನುವುದು ಇನ್ನು ಯಾವತ್ತಿಗೂ ತಿಳಿಯುವುದಿಲ್ಲ, ರಾಜೀ. ನೀನು ಯಾವುದನ್ನಾದರೂ ಆರಿಸು. ಆದರೆ ಸೋಮವಾರ ಡಾಕ್ಟರು ಮಾತಾಡುವಾಗ ಒಳಗೆ ಕುರ್ಚಿಯ ಮೇಲೆ ನೀನು ಕೂತಿರು.